ಬೆಂಚಿನ ಮೇಲೆ ಕೂರಲು ಒಬ್ಬ ಗಂಡ ಬೇಕು

ಆಕೆಯನ್ನು ಎಲ್ಲರೂ ಆಯಮ್ಮ ಎನ್ನುತ್ತಿದ್ದರು. ಬೆಳಿಗ್ಗೆ ಆರರಿಂದ ಹನ್ನೊಂದೂವರೆವರೆಗೆ ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಸ್ನಾನ, ಊಟ, ಮಾತ್ರೆ. ಮಧ್ಯಾಹ್ನ ಎರಡರಿಂದ ಒಂದು ಕಚೇರಿಯಲ್ಲಿ ನೆಲ ಒರೆಸುವ ಕೆಲಸ. ನಡುವಿನ ಎರಡೂವರೆ ಗಂಟೆ ಆಕೆಗೆ ಜಾಗವೇ ಇರಲಿಲ್ಲ. ಮನೆ ಎರಡು ಬಸ್ಸು ಬದಲಿಸುವಷ್ಟು ದೂರ. ಅಜ್ಜಿಯ ಸೊಸೆ ಕೆಲಸ ಮುಗಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಚೇರಿಯವರು ಎರಡಕ್ಕೆ ಮುಂಚೆ ಒಳಗೆ ಬಿಡುತ್ತಿರಲಿಲ್ಲ. ಕಾಲು ಬಾತುಕೊಂಡಿತ್ತು. ‘ಮಧ್ಯೆ ಮಧ್ಯೆ ಕೂತ್ಕೊಳ್ಳಿ, ಇಲ್ದಿದ್ರೆ ಹೃದಯಕ್ಕೆ ಕಷ್ಟ’ ಎಂದಿದ್ದರು ಡಾಕ್ಟರು. ಎಲ್ಲಿ ಕೂರಬೇಕೆಂದು ಚೀಟಿಯಲ್ಲಿ ಬರೆಯಲಿಲ್ಲ.

ದಾರಿಯಲ್ಲೊಂದು ಪಾರ್ಕು. ಅಲ್ಲಿ ಗಂಡಸರು ಮುಖದ ಮೇಲೆ ಪೇಪರು ಹರವಿಕೊಂಡು ಬೆಂಚಿನುದ್ದಕ್ಕೂ ಗೊರಕೆ ಹೊಡೆಯುತ್ತಾರೆ; ಯಾಕಪ್ಪಾ ಎಂದು ಯಾರೂ ಕೇಳಿದ್ದಿಲ್ಲ. ಆಯಮ್ಮ ಕೂತ ಮೊದಲ ದಿನವೇ ಕಾವಲುಗಾರ ಬಂದ.

“ಯಾರಿಗಮ್ಮಾ ಕಾಯ್ತಿರೋದು? ಹೆಂಗಸ್ರು ಒಬ್ಬೊಬ್ರೇ ಹಿಂಗ್ ಕೂತ್ರೆ ನನಗೆ ಕಂಪ್ಲೇಂಟ್ ಬರುತ್ತೆ.”

“ನಮ್ಮೆಜಮಾನ್ರು ಬರ್ತಾರಣ್ಣ.”

ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಆದರೂ ಆ ಒಂದು ಮಾತು ಕಾವಲುಗಾರನಿಗೆ ಸಾಕಾಯಿತು. ಆಮೇಲೆ ದಿನಾ ಅವನದು ತಮಾಷೆ.

“ಇವತ್ತೂ ಲೇಟಾ? ಸಿಗ್ಲಿ, ಭಾವನ ಕಿವಿ ಹಿಂಡ್ತೀನಿ.”

“ಹಿಂಡಣ್ಣ. ನನ್ ಮಾತಂತೂ ಕೇಳಲ್ಲ.”

ಬದುಕಿದ್ದಾಗ ಒಂದು ದಿನವೂ ಕೂರಿಸಿ ಸಾಕದ ಗಂಡ ಸತ್ತ ಮೇಲೆ ಹೀಗೆ ಒದಗಿದ. ಎರಡು ವರ್ಷ ಆಕೆ ಅವನ ಹೆಸರಲ್ಲಿ ಕಾಲು ನೀಡಿ ಕೂತಳು.

ಹೋದ ತಿಂಗಳು ಒಂದು ಮಧ್ಯಾಹ್ನ ಬೆಂಚಿನ ಮೇಲೆಯೇ ಪಕ್ಕಕ್ಕೆ ವಾಲಿದಳು. ಮೈಯೆಲ್ಲ ಬೆವರು. ಯಾರೋ ಗಾಡಿ ತರುತ್ತೇನೆಂದರು. ಕಾವಲುಗಾರನೇ ತಡೆದ.

“ತಾಳಿ, ಅವರ ಯಜಮಾನ್ರು ಬರೋ ಹೊತ್ತು. ಹೆಂಗಸು ಬೇರೆ, ನಾಳೆ ಏನಾದ್ರೂ ಅಂದ್ರೆ?”

ನೀರು ಚಿಮುಕಿಸಿದ. ಗೇಟಿಗೆ ಓಡಿ ರಸ್ತೆ ನೋಡಿದ, ವಾಪಸು ಬಂದ, ಮತ್ತೆ ಓಡಿದ. ಹೀಗೆ ಮುಕ್ಕಾಲು ಗಂಟೆ. ಆಸ್ಪತ್ರೆ ಮುಟ್ಟುವಾಗ ಉಸಿರಿರಲಿಲ್ಲ.

ಅಮ್ಮನ ಚೀಲ ಕೇಳಿಕೊಂಡು ಮಗಳು ಬಂದಾಗ ಅವಳ ಮೇಲೆ ರೇಗಿದನಂತೆ: “ನಿಮ್ಮಪ್ಪ ಎಂಥಾ ಮನುಷ್ಯನಮ್ಮಾ? ಅವತ್ತಾದ್ರೂ ಹೊತ್ತಿಗೆ ಬರಬಾರದಿತ್ತಾ?” ಮಗಳು ಇದ್ದದ್ದನ್ನು ಹೇಳಿದಳು.

ಇದೆಲ್ಲ ನನಗೆ ಹೇಳಿದವನೂ ಅವನೇ. ಅವನೊಬ್ಬನನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಕಂಪ್ಲೇಂಟು ಕೊಡುತ್ತಿದ್ದವರು ನಾವು, ವಾಕಿಂಗಿಗೆ ಬರುವ ಮರ್ಯಾದಸ್ಥರು.

“ಕಾಲು ನೋವು, ಸುಮ್ನೆ ಕೂತಿದೀನಿ ಅಂತ ಒಂದ್ ಮಾತು ಹೇಳಬಾರದಿತ್ತಾ ಮೇಡಂ?” ಎಂದ.

“ಹೇಳಿದ್ರೆ ಕೂರಕ್ಕೆ ಬಿಡ್ತಿದ್ರಾ?”

ಅವನು ಸುಳ್ಳು ಹೇಳುವ ಮನುಷ್ಯನಲ್ಲ.

“ಇಲ್ಲ ಮೇಡಂ,” ಅಂದ. “ಎಬ್ಬಿಸ್ತಿದ್ದೆ.”