ತಾತನ ಹಡಗು ನೋಡಲು ಹೋದವಳು

ಮೊನ್ನೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಲಾರಿಯೊಂದಕ್ಕೆ ನೆಂದ ಹಗ್ಗ ಬಿಗಿಯುತ್ತಿದ್ದರು. ಡೀಸೆಲ್ ಜೊತೆ ಹಗ್ಗದ ವಾಸನೆಯೂ ಸೇರಿ ಮೂಗಿಗೆ ಬಡಿಯಿತು. ಎದುರುಮನೆ ತಾತ ನೆನಪಾದರು…

ತಾತ ನೌಕಾಪಡೆಯ ಸರಕು ಹಡಗೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ನಿವೃತ್ತರಾಗಿ ನಮ್ಮ ಮಗ್ಗದ ಬೀದಿಗೆ ಬಂದಿದ್ದರು. ಆ ಹಡಗು ಯುದ್ಧ ಮಾಡಿದ್ದಲ್ಲ. ನಡುಗಡಲಲ್ಲಿ ಯುದ್ಧನೌಕೆಗಳಿಗೆ ಎಣ್ಣೆ, ನೀರು, ಆಲೂಗಡ್ಡೆ ಕೊಟ್ಟಿದ್ದು.

"ಫೋಟೋ ಹಿಡಿಯೋವಾಗ ನಮ್ಮನ್ನ ಪಕ್ಕಕ್ಕೆ ಸರಿಸ್ಬಿಡೋರು. ಹೊಟ್ಟೆಗೆ ಹಾಕ್ದೋರು ಮಾತ್ರ ನಾವು ಕಣಪ್ಪಾ," ಎನ್ನುತ್ತಿದ್ದರು.

ಅವರ ಮಾತಿಗೆ ಹಿಂದುಮುಂದು ಇರುತ್ತಿರಲಿಲ್ಲ. ಹಡಗು ಸೇವೆಗೆ ಸೇರಿದ್ದು, ಚಂಡಮಾರುತದ ನಂತರ ದ್ವೀಪಗಳಿಗೆ ಅಕ್ಕಿ ಹೊತ್ತದ್ದು, ಎಂಜಿನ್ ಕೆಟ್ಟು ರಿಪೇರಿಗೆ ನಿಂತದ್ದು, ಮತ್ತೆ ಹೊರಟದ್ದು… ಎಲ್ಲವನ್ನೂ ವರ್ಷವಾರು ಜೋಡಿಸಿ ಡೈರಿಯಲ್ಲಿ ಬರೆದುಕೊಂಡವನು ನಾನು. ಅವರು ತಪ್ಪು ಹೇಳಿದರೆ ತಿದ್ದುತ್ತಲೂ ಇದ್ದೆ. ಆ ಹಡಗು ಅರ್ಧ ನನ್ನದೇ ಎಂದು ನಂಬಿದ್ದೆ.

ನಮ್ಮ ಮಹಡಿಗೂ ಅವರ ಮಹಡಿಗೂ ನಡುವೆ ಕಿರಿದಾದ ಬೀದಿ. ಹಡಗಿನಿಂದ ಹಡಗಿಗೆ ಸಾಮಾನು ದಾಟಿಸುವ ಬಗೆಯನ್ನು ತಾತ ಅಲ್ಲೇ ಕಲಿಸಿದರು. ಮೊದಲು ಕಲ್ಲು ಕಟ್ಟಿದ ದಾರ ಎಸೆಯಬೇಕು. ದಾರದ ತುದಿಗೆ ಹುರಿ, ಹುರಿಯ ತುದಿಗೆ ಹಗ್ಗ. ಹಗ್ಗ ಬಿಗಿಯಾದ ಮೇಲೆ ಊಟದ ಡಬ್ಬಿ. ನಾನು ಒಮ್ಮೆಯೂ ಬೀಳಿಸಲಿಲ್ಲ. ತಾತ "ಸರಿ" ಎನ್ನುತ್ತಿದ್ದರು, ಅಷ್ಟೇ. ನನ್ನ ತಂಗಿ ಅವಸರದಲ್ಲಿ ಹುರಿಗೇ ಡಬ್ಬಿ ನೇತುಹಾಕಿ, ಕೆಳಗೆ ಹೋಗುತ್ತಿದ್ದ ಸೊಪ್ಪಿನವರ ಬುಟ್ಟಿಗೆ ಚಿತ್ರಾನ್ನ ಸುರಿದಳು.

"ಲೇ, ಯಾವ್ ದೇಶದ್ ಹಡಗಿಗೆ ಕೊಟ್ಬಿಟ್ಟೆ ನೀನು!" ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತು ನನಗೆ ಊಟ ಸೇರಲಿಲ್ಲ.

ಕೊನೆಗೆ ಹಡಗನ್ನು ಸೇವೆಯಿಂದ ಬೀಳ್ಕೊಡುವ ದಿನ ಬಂತು. ಅಲ್ಲಿ ದುಡಿದ ಹಳಬರಿಗೂ ವಿಶಾಖಪಟ್ಟಣಕ್ಕೆ ಕರೆ. ಜೊತೆಗೆ ಒಬ್ಬರು ಬರಬಹುದಿತ್ತು. ನಾನು ಬಟ್ಟೆ ಇಸ್ತ್ರಿ ಮಾಡಿಸಿಟ್ಟುಕೊಂಡೆ. ತಾತ ತಂಗಿಯನ್ನು ಕರೆದರು.

"ಅವಳಿಗೆ ಹಡಗಿನ ಮುಂದ್ಯಾವ್ದು ಹಿಂದ್ಯಾವ್ದು ಅಂತಾನೂ ಗೊತ್ತಿಲ್ಲ ತಾತ!" ಎಂದೆ.

"ಅದಕ್ಕೇ ಕರ್ಕೊಂಡ್ ಹೋಗ್ತಿದೀನಿ. ನಿಂಗೆಲ್ಲಾ ಗೊತ್ತಲ್ಲಪ್ಪಾ, ನೋಡೋಕೇನ್ ಉಳ್ದಿದೆ?"

ಹೊರಡುವಾಗ ತಂಗಿ, "ಅಣ್ಣ, ನಿಂಗೇನಾದ್ರೂ ತರ್ಲಾ?" ಎಂದು ಕೇಳಿದಳು. ನಾನು ಇಸ್ತ್ರಿ ಮಾಡಿಸಿದ ಬಟ್ಟೆಯನ್ನು ಬೀರುವಿಗೆ ವಾಪಸ್ ಇಟ್ಟೆ.

ಹಡಗು ಈಗಿಲ್ಲ, ಒಡೆದು ಗುಜರಿಗೆ ಹಾಕಿದರಂತೆ. ಹೋದ ವರ್ಷ ತಾತನೂ ಹೋದರು. ಅವರ ವರ್ಷದ ತಿಥಿಗೆ ಬಂದ ನೆಂಟರು ಹಡಗಿನ ವಿಚಾರ ಕೇಳಿದರು. ನಾನು ಮೊದಲಿನಿಂದ ಕ್ರಮವಾಗಿ ಹೇಳಿದೆ. ಎಲ್ಲರೂ ತಲೆಯಾಡಿಸುತ್ತಾ ಎಲೆಯ ಕಡೆ ಗಮನ ಕೊಟ್ಟಿದ್ದರು. ಆಗ ಪಾಯಸ ಬಡಿಸುತ್ತಿದ್ದ ತಂಗಿ, "ಬಾವುಟ ಇಳ್ಸೋವಾಗ ತಾತ ನನ್ ಕೈ ಹಿಡ್ಕೊಂಡಿದ್ರು. ಅದನ್ನ ಮಡಚಿಟ್ಟ ಮೇಲೂ ಬಿಡ್ಲಿಲ್ಲ," ಎಂದಳು. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವಳನ್ನು ನೋಡಿದರು.

"ಯಾವ ಕೈ? ಬಲಗೈಯಾ, ಎಡಗೈಯಾ?" ಎಂದೆ.

"ನೆನಪಿಲ್ಲ ಅಣ್ಣ."

ನೆನಪಿಲ್ಲವಂತೆ… ನಾನಾಗಿದ್ದರೆ ಮರೆಯುತ್ತಿರಲಿಲ್ಲ. ಕೇಳೋಣವೆಂದರೆ ತಾತ ಇಲ್ಲ.