ದಾರದಕ್ಕನ ಪೆನ್‌ಡ್ರೈವ್ ಬೇಟೆ

ದಾರದಕ್ಕನ ಗಂಡನಿಗೆ ಆಫರ್ ಎಂದರೆ ಪಂಚಪ್ರಾಣ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ಲಿಫ್ಟಿನ ಗುಂಡಿಗೆ ಇಳಿದಾಗ ಮಾತ್ರ ಅವನ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಆಗ ಮನೆಗೆ ಒಂದಿಷ್ಟು ನೆಮ್ಮದಿ. ಮೇಲೆ ಬಂದನೋ, ಶುರುವಾಯಿತು. ಒಂದು ಕೊಂಡರೆ ಎರಡು ಉಚಿತವೆಂದು ಬಂದ ಛತ್ರಿಗಳು ಅಟ್ಟದ ಮೇಲೆ ಇನ್ನೂ ಕಣ್ಣು ಬಿಟ್ಟಿಲ್ಲ. ಅರ್ಧ ಬೆಲೆಯ ಚಪ್ಪಲಿ ಎರಡೂ ಎಡಗಾಲಿನದೇ ಬಂದದ್ದು ಓಣಿಗೆಲ್ಲ ಗೊತ್ತು. ಅಂಥವನು ಒಂದು ಸಂಜೆ ಮುಖವರಳಿಸಿಕೊಂಡು ಬಂದು ಮೇಜಿನ ಮೇಲೆ ಒಂದು ಪುಟ್ಟ ಪೊಟ್ಟಣ ಇಟ್ಟ.

"ಪೆನ್‌ಡ್ರೈವ್! ಅರವತ್ನಾಲ್ಕು ಜಿಬಿ! ಇನ್ನು ನಿನ್ನ ಗೋಳು ಮುಗೀತು."

ದಾರದಕ್ಕ ಹಣೆ ಚಚ್ಚಿಕೊಂಡಳು. "ಏನ್ರೀ, ನಿಮಗೆ ಎಷ್ಟು ಸಲ ಹೇಳೋದು? ನಮ್ಮ ಮಿಷಿನ್ನಿಗೆ ಎರಡು ಜಿಬಿಗಿಂತ ದೊಡ್ಡದು ಆಗೋದೇ ಇಲ್ಲ."

"ಜಾಸ್ತಿ ಕೊಟ್ಟರೆ ಬೇಡ ಅನ್ನೋದು ಪ್ರಪಂಚದಲ್ಲಿ ಅದೊಂದೇ ಇರಬೇಕು," ಎಂದು ಅವನು ಗೊಣಗಿದ.

ಅವನ ಮಾತೂ ಸುಳ್ಳಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿ ಕೂತಿರುವ ಆ ಎಂಬ್ರಾಯಿಡರಿ ಮಿಷಿನ್ ಬಹಳ ಹಳೆಯದು. ಶಾಲೆಯ ಬ್ಯಾಡ್ಜು, ಹೋಟೆಲಿನವರ ಅಂಗಿಯ ಜೇಬು, ಡಾಕ್ಟರರ ಬಿಳಿ ಕೋಟು, ಮಕ್ಕಳ ಟವೆಲ್ಲಿನ ಮೂಲೆಯ ಬಾತುಕೋಳಿ, ಎಲ್ಲವೂ ಹುಟ್ಟುವುದು ಅದರ ಸೂಜಿಯಿಂದಲೇ. ಚಿತ್ರವನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ, ಪೆನ್‌ಡ್ರೈವಿಗೆ ಹಾಕಿ, ಮಿಷಿನ್ನಿನ ಪಕ್ಕೆಗೆ ಚುಚ್ಚಿದರೆ ಅದು ಓದಿಕೊಂಡು ಹೊಲಿಯುತ್ತದೆ. ಆದರೆ ಅದನ್ನು ಮಾಡಿದ ಕಾಲದಲ್ಲಿ ಎರಡು ಜಿಬಿಯೇ ಕೊಪ್ಪರಿಗೆ. ಅದಕ್ಕಿಂತ ದೊಡ್ಡದನ್ನು ಚುಚ್ಚಿದರೆ ಮಿಷಿನ್ ಪರಿಚಯವೇ ಇಲ್ಲದವರಂತೆ ಮುಖ ತಿರುಗಿಸುತ್ತದೆ. ಅಷ್ಟು ಚಿಕ್ಕ ಪೆನ್‌ಡ್ರೈವನ್ನು ಈಗ ಯಾರೂ ಮಾಡುವುದಿಲ್ಲ. ಇದ್ದ ಕೊನೆಯದೊಂದು ಹೋದ ವಾರ ಟುಸ್ಸೆಂದಿತ್ತು, ಅಂದಿನಿಂದ ಕೋಣೆ ಮೌನ.

ಗಂಡ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಭರ್ಜರಿ ಆಫರೊಂದನ್ನು ಹುಡುಕಿ, ಮಿಷಿನ್ ವ್ಯಾಪಾರಿಯ ಹತ್ತಿರ ಮಾತೂ ಆಡಿ ಬಂದಿದ್ದ. ಹಳೆಯದನ್ನು ಒಯ್ಯಲು ಶನಿವಾರ ಟೆಂಪೋ ಬರುತ್ತದೆ.

"ಹೊಸದು ಸದ್ದೇ ಮಾಡಲ್ಲ ಗೊತ್ತಾ! ಪಕ್ಕದಲ್ಲೇ ಮಲಗಿ ನಿದ್ದೆ ಮಾಡಬಹುದು," ಎಂದು ಅವನು ಹಿಗ್ಗಿದ.

ಆ ಮಾತು ಕೇಳಿಯೇ ದಾರದಕ್ಕ ಕಿಟಕಿಯ ಕಡೆ ತಿರುಗಿದ್ದು. ಕಾರಣ, ಕಿಟಕಿಯ ಬಳಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅತ್ತೆ.

ಸೊಸೆ ಬಂದ ಹೊಸದರಲ್ಲಿ ಈ ಮಿಷಿನ್ ತಂದದ್ದು ಅತ್ತೆಯೇ. ದಾರ ಕತ್ತರಿಸುವುದು, ಬಣ್ಣ ಬದಲಾಯಿಸುವುದು, ಬಟ್ಟೆ ಬಿಗಿಯುವುದು ಎಲ್ಲ ಅವರದೇ ಕೈ. ಆಮೇಲೆ ಕಣ್ಣು ಮಂಜಾಯಿತು, ಮಂಜು ಕತ್ತಲಾಯಿತು. ಇನ್ನೊಬ್ಬರಾಗಿದ್ದರೆ ಮೂಲೆ ಸೇರುತ್ತಿದ್ದರು. ಅತ್ತೆ ಕಿವಿಯಿಂದ ಕೆಲಸ ಮಾಡಲು ಕಲಿತರು. ಮಿಷಿನ್ ಗಡಗಡ ಎಂದರೆ ಒಂದು ಹೊಲಿಗೆ, ಚಿಟಿಚಿಟಿ ಎಂದರೆ ಇನ್ನೊಂದು. ಸೊಸೆ ಅಡುಗೆಮನೆಯಲ್ಲಿದ್ದರೆ ಇಲ್ಲಿಂದಲೇ ಕೂಗು: "ಎಲೆ ಮುಗೀತು, ಬಣ್ಣ ಬದಲಾಯಿಸು ಬಾ." "ಕೆಳಗಿನ ದಾರ ಮುಗೀತಾ ಬಂತು ನೋಡು." ಒಮ್ಮೆಯೂ ತಪ್ಪಿದ್ದಿಲ್ಲ. ಯಾರಾದರೂ ಕೇಳಿದರೆ, "ನಾವಿಬ್ಬರೂ ಸೇರಿ ಹೊಲಿಗೆ ಮಾಡ್ತೀವಿ," ಎಂದು ಅತ್ತೆ ಗತ್ತಿನಿಂದ ಹೇಳುವರು. ಸದ್ದೇ ಮಾಡದ ಮಿಷಿನ್ ಬಂದರೆ ಅವರು ಕೇಳುವುದಾದರೂ ಏನನ್ನು? ಈ ವಾರವೆಲ್ಲ ಅವರು ಕುರ್ಚಿಯಲ್ಲಿ ಕೂತು ಸೆರಗಿನ ಅಂಚನ್ನು ಮಡಿಸುವುದು, ಬಿಡಿಸುವುದು ಇದನ್ನೇ ಮಾಡುತ್ತಿದ್ದರು.

ಇದನ್ನು ಅತ್ತೆಯ ಎದುರು ಬಾಯಿಬಿಡುವಂತಿಲ್ಲ. ಬಿಟ್ಟರೆ, "ನನಗೋಸ್ಕರ ಹಳೇದನ್ನ ಇಟ್ಕೋಬೇಡಿ," ಎಂದು ಅವರೇ ಟೆಂಪೋ ಹತ್ತಿಸಿ ಕಳಿಸುವ ಜಾತಿ. ಗಂಡನನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋಗಿ ಪಿಸುದನಿಯಲ್ಲಿ ಹೇಳಿದಳು. ಅವನು ತಲೆ ಕೆರೆದುಕೊಂಡ. ಕೆಟ್ಟವನಲ್ಲ ಪಾಪ, ಆಫರ್ ಕಂಡರೆ ಮಾತ್ರ ಬುದ್ಧಿ ಕೈಕೊಡುತ್ತದೆ.

"ನನಗೆ ಅದು ಹೊಳೀಲೇ ಇಲ್ಲ," ಎಂದ. "ಆದ್ರೆ ಪೆನ್‌ಡ್ರೈವ್ ಇಲ್ಲದೆ ಅದನ್ನ ಇಟ್ಕೊಂಡು ಏನು ಮಾಡ್ತೀಯ? ಶನಿವಾರದೊಳಗೆ ಸಿಕ್ಕಿದ್ರೆ ಟೆಂಪೋ ಬೇಡ ಅಂತೀನಿ."

ಮರುದಿನವೇ ಅವಳು ಚೀಲ ಹೆಗಲಿಗೇರಿಸಿ ಹಳೆಯ ಸಾಮಾನಿನ ಬೀದಿಗೆ ನಡೆದಳು. ಅಲ್ಲಿ ಕೆಟ್ಟ ರೇಡಿಯೋಗಳ ನಡುವೆ ಕೂತ ಅಂಗಡಿಯವನು ಎರಡು ಜಿಬಿ ಎಂದು ಬರೆದ ಪೆನ್‌ಡ್ರೈವುಗಳ ಡಬ್ಬಿಯನ್ನೇ ಮುಂದಿಟ್ಟ.

"ಗ್ಯಾರಂಟಿ ಮಾಲು ಅಕ್ಕಾ. ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ."

ಕಣ್ಣು ಮುಚ್ಚಿಕೊಂಡು ಏನನ್ನೂ ಕೊಳ್ಳುವವಳಲ್ಲ ದಾರದಕ್ಕ. ನಂಬಿಕಸ್ಥನೋ ಮೋಸಗಾರನೋ ಎಂದು ತಿಳಿಯಲು ಅವಳದೇ ಒಂದು ಪರೀಕ್ಷೆಯಿದೆ. ಪೆನ್‌ಡ್ರೈವಿಗೆ ಹೊಟ್ಟೆ ಬಿರಿಯುವಷ್ಟು ಹಳೆಯ ಡಿಸೈನುಗಳನ್ನು ತುರುಕಿ, ಕಟ್ಟಕಡೆಗೆ ಒಂದು ಹಕ್ಕಿಯನ್ನು ಹಾಕುತ್ತಾಳೆ. ಆ ಹಕ್ಕಿಯನ್ನು ಚಿಂದಿ ಬಟ್ಟೆಯ ಮೇಲೆ ಹೊಲಿಸುತ್ತಾಳೆ. ಮೊದಲು ಬಾಲ, ಆಮೇಲೆ ರೆಕ್ಕೆ, ಕೊನೆಯಲ್ಲಿ ಕೊಕ್ಕು. ಹೊರಗೆ ಎರಡು ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ಕಳ್ಳ ಮಾಲಾದರೆ ಹಕ್ಕಿ ನಡುದಾರಿಯಲ್ಲೇ ನಿಲ್ಲುತ್ತದೆ. ಕೊಕ್ಕು ಬಂದರೆ ಪಾಸು.

ಒಪ್ಪದಿದ್ದರೆ ವಾಪಸು ಎಂದು ಮಾತು ಮಾಡಿಕೊಂಡು ಒಂದು ಮುಷ್ಟಿ ತಂದಳು. ಒಂದು ಹಕ್ಕಿಗೆ ಬಾಲ ಮಾತ್ರ. ಇನ್ನೊಂದಕ್ಕೆ ಒಂದೇ ರೆಕ್ಕೆ. ಉಳಿದವುಗಳಲ್ಲಿ ಹಕ್ಕಿಯೇ ಇಲ್ಲ. ಒಂದೊಂದು ಸಲ ಮಿಷಿನ್ ನಿಂತಾಗಲೂ ಕುರ್ಚಿಯಿಂದ ಅತ್ತೆ, "ಅಯ್ಯೋ, ಇದೂ ಕೊಕ್ಕಿಲ್ಲದ್ದು," ಎಂದು ನಿಟ್ಟುಸಿರಿಟ್ಟರು. ಅಂಗಡಿಯವನಿಗೆ ಅಷ್ಟನ್ನೂ ಹಿಂತಿರುಗಿಸುವಾಗ ದಾರದಕ್ಕ ಅವನ ಗ್ಯಾರಂಟಿಯ ಜನ್ಮ ಜಾಲಾಡಿಬಿಟ್ಟಳು.

ಶುಕ್ರವಾರ ಬಂದೇಬಿಟ್ಟಿತು. ಅಂದು ಹಲ್ಲಿನ ಡಾಕ್ಟರಮ್ಮನ ಕೋಟುಗಳನ್ನು ಕೊಡಬೇಕಿತ್ತು. ಜೇಬಿನ ಮೇಲೆ ಆಸ್ಪತ್ರೆಯ ಗುರುತು ಹೊಲಿಯದೆ ಕೊಡುವುದೇನನ್ನು? ತಡವಾಗುತ್ತದೆ ಎಂದು ಹೇಳಲು ಹೋಗಲೇಬೇಕಾಯಿತು. ದಾರದಕ್ಕನಿಗೆ ಆ ಆಸ್ಪತ್ರೆಯ ಮೆಟ್ಟಿಲೆಂದರೆ ಆಗದು. ಕೆಳದವಡೆಯ ಒಂದು ಹಲ್ಲು ತಿಂಗಳುಗಟ್ಟಲೆ ಪ್ರಾಣ ಹಿಂಡುತ್ತಿದ್ದರೂ, ಅದನ್ನು ಕೀಳಿಸಬೇಕಾದೀತೆಂದು ಹೆದರಿ ಪ್ರತಿ ಸಲವೂ ಕೋಟುಗಳನ್ನು ಗಂಡನ ಕೈಯಲ್ಲೇ ಕಳಿಸುತ್ತಿದ್ದಳು. ಇಂದು ಅವನು ಯಾವುದೋ ಲಿಫ್ಟಿನ ಗುಂಡಿಯಲ್ಲಿದ್ದ. ಬಾಯಿ ಬಿಗಿದುಕೊಂಡೇ ಒಳಗೆ ಕಾಲಿಟ್ಟಳು.

ಡಾಕ್ಟರಮ್ಮ ಕೋಟಿನ ವಿಷಯ ಕೇಳಿ, "ಪರವಾಗಿಲ್ಲ ಬಿಡಿ," ಎಂದರು. ಆದರೆ ದಾರದಕ್ಕನ ಕಣ್ಣು ಅವರ ಬೀಗದ ಕೈಗೊಂಚಲಿನ ಮೇಲೆ ನೆಟ್ಟುಹೋಗಿತ್ತು. ಅದರಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ದವಡೆಹಲ್ಲು ನೇತಾಡುತ್ತಿತ್ತು, ಬೇರಿನ ಜಾಗದಲ್ಲಿ ಚೌಕಾಕಾರದ ಲೋಹದ ತುದಿ.

"ಡಾಕ್ಟ್ರೇ, ಅದು ಪೆನ್‌ಡ್ರೈವಾ?"

"ಹೌದು ಕಣ್ರೀ. ಹಿಂದೆ ಮೀಟಿಂಗಿಗೆ ಹೋದಾಗಲೆಲ್ಲ ಟೂತ್‌ಪೇಸ್ಟ್ ಕಂಪನಿಯವರು ಹಂಚೋರು. ಒಂದು ಜಿಬಿ. ಇವತ್ತಿನ ಕಾಲದಲ್ಲಿ ಅದರಲ್ಲಿ ಏನು ಹಿಡಿಯುತ್ತೆ? ಬಿಸಾಕೋಕೆ ಮನಸ್ಸು ಬಾರದೆ ಇಟ್ಟಿದ್ದೀನಿ." ಅವರು ಮೇಜಿನ ಖಾನೆ ಎಳೆದರು. ಒಳಗೆ ಹಲ್ಲೋ ಹಲ್ಲು! ಕೆಲವು ಇನ್ನೂ ಕವರಿನಿಂದಲೂ ಆಚೆ ಬಂದಿರಲಿಲ್ಲ.

ದಾರದಕ್ಕ ಸಂತೋಷಕ್ಕೆ ಬಾಯಿ ಅಗಲಿಸಿಬಿಟ್ಟಳು. ಅದೇ ಅವಳು ಮಾಡಿದ ತಪ್ಪು. ಡಾಕ್ಟರಮ್ಮ ತಟ್ಟನೆ ಮುಂದೆ ಬಾಗಿದರು.

"ಏನ್ರೀ ಅದು ಕೆಳಗಡೆ? ಇಷ್ಟು ದಿನ ಹೇಗೆ ತಡ್ಕೊಂಡ್ರಿ?"

"ಏನಿಲ್ಲ ಡಾಕ್ಟ್ರೇ, ಈಗ ನೋವೇ ಇಲ್ಲ. ಇದಕ್ಕೆಲ್ಲ ಎಷ್ಟು ಕೊಡಲಿ?"

"ದುಡ್ಡು ಬೇಡ. ಅಷ್ಟನ್ನೂ ತಗೊಂಡು ಹೋಗಿ. ಆದ್ರೆ ಮೊದಲು ಆ ಕುರ್ಚಿ ಮೇಲೆ ಕೂತ್ಕೊಳ್ಳಿ."

ದಾರದಕ್ಕ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಖಾನೆ ನೋಡಿದಳು. ಸೆರಗಿನ ಅಂಚನ್ನು ಮಡಿಸಿ ಬಿಡಿಸುವ ಅತ್ತೆಯ ಬೆರಳುಗಳು ಕಣ್ಣ ಮುಂದೆ ಬಂದವು. ಹೋಗಿ ಕುರ್ಚಿಯಲ್ಲಿ ಕೂತು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅಷ್ಟು ವರ್ಷಗಳ ಆಫರುಗಳಲ್ಲಿ ಗಂಡನೂ ಇಂಥದೊಂದನ್ನು ತಂದಿರಲಿಲ್ಲ.

ಸಂಜೆ ಗಂಡ ಬಂದಾಗ ಅವಳ ಒಂದು ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ ತುಂಬಿತ್ತು, ಮಾತು ಬಂದ್. ಮೇಜಿನ ತುಂಬ ಹಲ್ಲುಗಳು. ಅವನು ಗಾಬರಿಯಾಗಿ, "ಎಲ್ಲಾ ಕಿತ್ತುಬಿಟ್ಟರಾ?" ಎಂದ. ನಗಲೂ ಆಗದೆ ಅವಳು ಅವನ ತೋಳಿಗೊಂದು ಬಿಟ್ಟಳು. ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ವ್ಯಾಪಾರಿ. ನಾಳೆ ಟೆಂಪೋ ಎಷ್ಟು ಹೊತ್ತಿಗೆ ಕಳಿಸಲಿ ಎಂದು ಕೇಳುತ್ತಿದ್ದ.

"ಒಂದು ನಿಮಿಷ ಇರಿ," ಎಂದ ಗಂಡ.

ಮೊದಲ ಹಲ್ಲು ಹಕ್ಕಿಯನ್ನು ರೆಕ್ಕೆಯಲ್ಲೇ ಕೈಬಿಟ್ಟಿತು. ದಾರದಕ್ಕ ಕೈ ಒರೆಸಿಕೊಂಡು, ಹೊಸ ಚಿಂದಿ ಬಿಗಿದು, ಎರಡನೆಯದನ್ನು ಚುಚ್ಚಿದಳು. ಮಿಷಿನ್ ಗಡಗಡ ಎಂದಿತು. ಕುರ್ಚಿಯಲ್ಲಿ ಅತ್ತೆಯ ಬೆರಳುಗಳು ಸೆರಗನ್ನು ಬಿಟ್ಟವು.

"ಬಾಲ," ಎಂದರು ಅತ್ತೆ.

ಫೋನಿನಲ್ಲಿ ವ್ಯಾಪಾರಿ ಹಲೋ ಹಲೋ ಎನ್ನುತ್ತಿದ್ದ. ಗಂಡ ಅದನ್ನು ಎದೆಗೆ ಒತ್ತಿ ಹಿಡಿದು ಅಮ್ಮನನ್ನೇ ನೋಡುತ್ತಿದ್ದ.

"ರೆಕ್ಕೆ. ಅದೂ ಮುಗೀತು. ಕೆಂಪು ದಾರ ಹಾಕು."

ಸೊಸೆ ಕೆಂಪು ದಾರ ಪೋಣಿಸಿದಳು. ಚಿಟಿಚಿಟಿ, ಚಿಟಿಚಿಟಿ. ಮಿಷಿನ್ ತಾನಾಗಿ ನಿಂತಿತು.

"ಕೊಕ್ಕು ಬಂತು!" ಅತ್ತೆಯ ಮುಖ ಅರಳಿತು. "ಅಲ್ಲವೇನೇ? ಯಾಕೆ ಮಾತಾಡ್ತಿಲ್ಲ?"

ಬಾಯಿ ತುಂಬ ಹತ್ತಿ, ಕಣ್ಣು ತುಂಬ ನೀರು. ದಾರದಕ್ಕ ಮಾತಿನ ಬದಲು ಮೇಜನ್ನು ಎರಡು ಸಲ ಟಪ್ ಟಪ್ ಎಂದು ಬಡಿದಳು.

ಗಂಡ ಫೋನನ್ನು ಕಿವಿಗೆ ಹಚ್ಚಿ, "ಟೆಂಪೋ ಬೇಡ ಸ್ವಾಮಿ," ಎಂದ. ಆ ಕಡೆಯಿಂದ ಇನ್ನೂ ದೊಡ್ಡ ಆಫರ್ ಬಂದಿರಬೇಕು, ಅವನು ಒಂದು ಗಳಿಗೆ ತಡವರಿಸಿ, ಆಮೇಲೆ ಫೋನನ್ನೇ ಇಟ್ಟುಬಿಟ್ಟ.

ಅತ್ತೆ ಆಗಲೇ ಕುರ್ಚಿಯನ್ನು ಮಿಷಿನ್ನಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು.

"ಆ ಡಾಕ್ಟರಮ್ಮನ ಕೋಟು ತೆಗಿ," ಎಂದರು. "ಶುರು ಮಾಡೋಣ."