ಉಸಿರಾಡದ ಮಡಕೆ

ಬೆಟ್ಟಮ್ಮ ಕಳ್ಳಭಟ್ಟಿ ಇಳಿಸಿ ಸಿಕ್ಕಿಬಿದ್ದವಳು ಎಂದು ಹಾಸನದ ಬಳಿಯ ಮೊಸಳೆ ಎಂಬ ಊರಿನ ಸುತ್ತಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಇದು ಶುದ್ಧ ಸುಳ್ಳು. ಭಟ್ಟಿಗೆ ಒಲೆ ಬೇಕು, ಆವಿ ಇಳಿಯಲು ಕೊಳವೆ ಬೇಕು. ಆಕೆಯ ಬಳಿ ಇದ್ದದ್ದು ಒಂದು ಮಡಕೆ. ಅದರೊಳಗಿದ್ದದ್ದು ಮೊಳಕೆ ರಾಗಿಯ ಗಂಜಿಗೆ ಬೆಲ್ಲ ಕೂಡಿಸಿ ಹುಳಿಬರಿಸಿದ ನೊರೆನೀರು. ಪೇಟೆಯವರು ಬಿಯರ್ ಎನ್ನುವುದರ ಬಡ ನೆಂಟ. ಪಾನನಿರೋಧದ ಕಾಯಿದೆ ಇವೆರಡರ ನಡುವಿನ ವ್ಯತ್ಯಾಸವನ್ನು ಎಣಿಸಲಿಲ್ಲ. ಎಣಿಸಬೇಕಾಗಿತ್ತು.

ಕೇರಿಯಲ್ಲಿ ಅದಕ್ಕೆ ಅಮ್ಮನ ಮಡಕೆ ಎಂದು ಹೆಸರು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಅದನ್ನು ಇಡಬೇಕು. ಬಸುರಿ ಅದಕ್ಕೆ ಕಿವಿಗೊಟ್ಟು ಕೇಳಬೇಕು. ಒಳಗೆ ಸಣ್ಣಗೆ ಸುಯ್ಯೆಂದರೆ ಮಾರಮ್ಮ ಉಸಿರಾಡುತ್ತಿದ್ದಾಳೆ, ಹೆರಿಗೆ ಸುಸೂತ್ರ ಎಂದು ನಂಬಿಕೆ. ಮಗು ಹುಟ್ಟಿದ ಮೇಲೆ ಬೇವಿನ ಬುಡದ ಕಲ್ಲಿಗೆ ಎರೆದು, ಉಳಿದದ್ದನ್ನು ಮನೆಯವರು ಕುಡಿಯಬೇಕು. ಅಲ್ಲಿಯತನಕ ಒಂದು ಹನಿಯನ್ನೂ ನಾಲಿಗೆಗೆ ತಾಕಿಸುವಂತಿಲ್ಲ.

ಹಿರಿಯ ಮಗಳು ಮಾದಮ್ಮನ ಹೆರಿಗೆಯಲ್ಲಿ ಬೆಟ್ಟಮ್ಮ ಪೊಲೀಸರಿಗೆ ಹೆದರಿ ಮಡಕೆ ಇಟ್ಟಿರಲಿಲ್ಲ. ಮಾದಮ್ಮ ರಕ್ತ ನಿಲ್ಲದೆ ಸತ್ತಳು. ಡಾಕ್ಟರು ಹಾಸನದಲ್ಲಿದ್ದರು, ರಸ್ತೆ ಕೆಸರಾಗಿತ್ತು, ಕೇರಿಯ ಹೆಂಗಸಿಗೆ ಗಾಡಿ ಹೂಡಿಕೊಡಲು ಊರಿನವರು ಹಿಂದೆಮುಂದೆ ನೋಡಿದರು. ನಡೆದ ಸಂಗತಿ ಇಷ್ಟು. ಆದರೆ ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಒಂದೇ: ಮಡಕೆ ಇಡಲಿಲ್ಲ.

1961ರಲ್ಲಿ ಕಿರಿಯವಳು ಸಣ್ಣಕ್ಕ ತುಂಬಿದ ಬಸುರಿಯಾಗಿ ಬಂದಾಗ ಆಕೆ ಇನ್ನೊಮ್ಮೆ ತಪ್ಪಲು ಸಿದ್ಧಳಿರಲಿಲ್ಲ. ಅತ್ತೆಯ ಕಾಲದಲ್ಲಿ ಬಳಸುತ್ತಿದ್ದದ್ದು ಜಿಡ್ಡುಜಿಡ್ಡಾದ ಕರಿಬೆಲ್ಲ. ಈ ಸಲ ಅಮ್ಮನಿಗೆ ಕೊರತೆಯಾಗಬಾರದೆಂದು ಹೊಳೆನರಸೀಪುರದ ಪದ್ಮರಾಜಯ್ಯನ ಅಂಗಡಿಯಿಂದ ಹೊನ್ನಿನ ಬಣ್ಣದ ಅಚ್ಚುಬೆಲ್ಲ ತಂದಳು. ಸಿಹಿ ಹೆಚ್ಚಲೆಂದು ರಾಗಿಯನ್ನು ಕಡಿಮೆ ಮಾಡಿ ಬೆಲ್ಲವನ್ನೇ ಸುರಿದಳು. ಹಳೆಯ ಮಡಕೆಯ ಮಡ್ಡಿಯನ್ನು ಸವರಿ ಒಣಗಿಸಿಟ್ಟಿದ್ದ ಬಟ್ಟೆಯ ಚೂರನ್ನು ಹೆಪ್ಪಿಗೆಂದು ಅದ್ದಿ, ಬಾಯಿ ಕಟ್ಟಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗಿಸಿಟ್ಟಳು.

ಮಡಕೆ ಉಸಿರೆತ್ತಲಿಲ್ಲ.

"ಏನೂ ಕೇಳ್ತಿಲ್ವಲ್ಲವ್ವ," ಎಂದಳು ಸಣ್ಣಕ್ಕ, ಕಿವಿ ಒತ್ತಿಕೊಂಡೇ.

"ಕೇಳ್ತದೆ ಕಣೆ. ನಿನ್ ಕಿವಿ ತುಂಬ ಗುಗ್ಗೆ."

"ಅಂಗಾರೆ ನೀನೇ ಕೇಳು ಬಾ."

ಬೆಟ್ಟಮ್ಮ ಕಿವಿಯಿಟ್ಟಳು. ಹೂತ ಮಡಕೆಯಂಥ ಮೌನ. "ಊಂ, ಸಣ್ಣಗೆ ಬತ್ತಾ ಅದೆ," ಎಂದು ಮುಖ ತಿರುಗಿಸಿದಳು. ಅಂದು ರಾತ್ರಿ ಮಗಳು ಊಟದ ಮುಂದೆ ಕೂತು ತುತ್ತು ಎತ್ತದೆ ಅಕ್ಕನ ಹೆಸರು ಹೇಳತೊಡಗಿದಳು.

ಮರುದಿನ ಬೆಟ್ಟಮ್ಮ ಬಸ್ಸು ಹತ್ತಿ ಅಂಗಡಿಗೆ ಬಂದಳು. ಏನು ಕೇಳುವುದೆಂದು ದಾರಿಯುದ್ದಕ್ಕೂ ಹೆಣೆದುಕೊಂಡಿದ್ದೆಲ್ಲ ಮೆಟ್ಟಿಲ ಬಳಿ ಮರೆತುಹೋಯಿತು.

"ಬುದ್ದಿ, ಆ ಬೆಲ್ಲದಾಗೆ ಏನಾರ ಐತಾ?"

"ಬೆಲ್ಲದಲ್ಲಿ ಬೆಲ್ಲ ಇರುತ್ತೆ ಕಣಮ್ಮ. ಯಾಕೆ, ಏನು ಮಾಡಿದೆ?"

"ಪಾಯ್ಸ ಮಾಡ್ದೆ ಬುದ್ದಿ. ಉಕ್ಕಲಿಲ್ಲ."

ಪದ್ಮರಾಜಯ್ಯ ತಕ್ಕಡಿ ಕೆಳಗಿಟ್ಟ. ಹುಳಿ ಬಂದ ಹಿಟ್ಟನ್ನೂ ಮನೆಯೊಳಗೆ ಸೇರಿಸದ ಜೈನ ವ್ಯಾಪಾರಿ ಆತ. "ಪಾಯಸ ಉಕ್ಕಲಿಲ್ಲ ಅಂತ ದೂರು ತಂದವಳು ನೀನೊಬ್ಬಳೇ!" ಎಂದು ನಗಲು ಹೋದವನು ಆಕೆಯ ಮುಖ ಕಂಡು ನಿಲ್ಲಿಸಿದ. ಆತನಿಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಅವನೂ ಹೆದರಿ ಬೀದಿಯ ಕಡೆ ನೋಡಿದ.

"ನೋಡು ಬೆಟ್ಟಮ್ಮ, ನೀನು ಹೇಳಿದ್ದು ಪಾಯಸ, ನಾನು ಕೇಳಿದ್ದೂ ಪಾಯಸ. ಆಲೆಮನೆಯವರು ಬಣ್ಣ ಬರಲಿ ಅಂತ ಪಾಕಕ್ಕೆ ಒಂದು ಬಿಳಿ ಪುಡಿ ಹಾಕ್ತಾರೆ. ಹಾಕಿದ ಬೆಲ್ಲ ಬೇಗ ಹುಳಿಯಾಗಲ್ಲ. ದನಕ್ಕೆ ಅಂತ ಇಟ್ಟ ಕರಿಬೆಲ್ಲ ಒಳಗಿದೆ, ಅದಕ್ಕೆ ಯಾರೂ ಪುಡಿ ಹಾಕಲ್ಲ. ತಗೊಂಡು ಹೊರಡು. ನನ್ನ ಹೆಸರು ಎಲ್ಲೂ ಎತ್ತಬೇಡ."

ಎಲ್ಲರೂ ಹೊಗಳಿ ಕೊಳ್ಳುತ್ತಿದ್ದ ಆ ಹೊಳಪಿನ ನಿಜ ಇದು. ತಿನ್ನುವವರಿಗೆ ಇದನ್ನು ಹೇಳುವ ಸೌಜನ್ಯ ಮಾತ್ರ ಯಾವ ಆಲೆಮನೆಗೂ ಇರಲಿಲ್ಲ.

ಆದರೂ ಬೆಟ್ಟಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬೆಲ್ಲದ ತಪ್ಪೋ, ಅಮ್ಮನ ಮುನಿಸೋ? ಹೆಪ್ಪಿನ ಬಟ್ಟೆಯಲ್ಲಿ ಉಳಿದಿದ್ದ ತುಂಡನ್ನು ಹರಿದು ತೆಂಗಿನ ಚಿಪ್ಪುಗಳಲ್ಲಿ ಪರೀಕ್ಷೆಗಿಟ್ಟಳು. ಒಂದರಲ್ಲಿ ಅಚ್ಚುಬೆಲ್ಲ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಬರೀ ಕರಿಬೆಲ್ಲ, ಇನ್ನೊಂದರಲ್ಲಿ ಕರಿಬೆಲ್ಲದೊಂದಿಗೆ ಸಮಸಮ ಮೊಳಕೆ ರಾಗಿಯ ತಿಳಿ. ರುಚಿ ನೋಡುವಂತಿಲ್ಲ, ಮೂಗು, ಕಿವಿಗಳಷ್ಟೇ ಆಧಾರ. ಮರುದಿನ ಅಚ್ಚುಬೆಲ್ಲದ್ದು ಸತ್ತಂತೆ ಬಿದ್ದಿತ್ತು. ಸಕ್ಕರೆಯದರಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ. ಬರೀ ಕರಿಬೆಲ್ಲದ್ದು ಅವಸರಪಟ್ಟು ಉಕ್ಕಿ ಘಾಟು ಹೊಡೆಯುತ್ತಿತ್ತು. ರಾಗಿ ಕೂಡಿದ ಚಿಪ್ಪಿನಲ್ಲಿ ಮಾತ್ರ ದಪ್ಪನೆಯ ನೊರೆ ಒಂದೇ ಸಮನೆ ಏಳುತ್ತಿತ್ತು. ಅತ್ತೆಯ ಅಳತೆಯೇ ಸರಿಯಿತ್ತು. ಬದಲಿಸಿದ್ದು ತಾನು.

ಆ ಚಿಪ್ಪಿನದನ್ನೇ ಹೆಪ್ಪು ಹಾಕಿ ಹೊಸ ಮಡಕೆ ಇಟ್ಟಾಗ ಸಣ್ಣಕ್ಕ ಕಿವಿಗೊಟ್ಟವಳೇ ಕಣ್ಣರಳಿಸಿದಳು. "ಅವ್ವಾ, ಉಸ್ರಲ್ಲ ಕಣವ್ವ, ನಿನ್ನ ಬೈತಾ ಅವಳೆ!"

ಬೆಟ್ಟಮ್ಮ ನಕ್ಕಳು. ನಗು ಸಂಜೆಯತನಕವೂ ಉಳಿಯಲಿಲ್ಲ. ಸತ್ತ ಮಡಕೆಗೆ ವಾಸನೆ ಇರಲಿಲ್ಲ. ಜೀವಂತ ಮಡಕೆಯ ವಾಸನೆ ಬಾಗಿಲು ದಾಟಿ ಬೀದಿಗೆ ಇಳಿಯಿತು. ಮೆಣಸಿನಕಾಯಿ ಸುಟ್ಟಳು. ಮನೆಯವರೆಲ್ಲ ಕೆಮ್ಮಿದರೇ ಹೊರತು ವಾಸನೆ ಅಡಗಲಿಲ್ಲ. ಬೀದಿಯಲ್ಲಿ ಬೂಟಿನ ಸದ್ದಾದರೆ ಆಕೆ ಓಡಿಹೋಗಿ ಮಡಕೆಯ ಮೇಲೆ ಗೋಣಿ ಹೊದಿಸುತ್ತಿದ್ದಳು.

ಪೊಲೀಸ್ ದಫೇದಾರ ಚಂದ್ರಶೇಖರಯ್ಯ ಬಂದದ್ದು ಸಣ್ಣಕ್ಕನಿಗೆ ನೋವು ಕಾಣಿಸಿಕೊಂಡ ಬೆಳಿಗ್ಗೆಯೇ. ಬೆಟ್ಟಮ್ಮನ ಗಂಡ ದೇವಯ್ಯ ಗದ್ದೆಗೆ ಹೋಗಿದ್ದ. ಸೂಲಗಿತ್ತಿ ದೊಡ್ಡತಾಯಮ್ಮ ಒಳಕೋಣೆಯಲ್ಲಿದ್ದಳು. ದಫೇದಾರ ನೇರವಾಗಿ ವಾಡೆಯ ಹಿಂದೆ ಕೋಲು ಚಾಚಿದ.

"ತೆಗಿ ಈಚೆಗೆ. ಒಡೆದು ಬಿಸಾಕ್ತೀನಿ."

ಬೆಟ್ಟಮ್ಮ ಮಡಕೆಯನ್ನು ತಬ್ಬಿ ಕುಳಿತಳು. ಅದರ ಸುಯ್ಯೆನ್ನುವ ಸದ್ದು ಎದೆಗೆ ತಾಕುತ್ತಿತ್ತು. ಈಗ ಒಡೆದರೆ? ಮಾದಮ್ಮನ ಬಿಳುಚಿದ ಕಾಲುಗಳು ಕಣ್ಣಿಗೆ ಕಟ್ಟಿದವು. "ಮಗ ಅಳೋಗಂಟ ತಡೀರಿ ಸಾ. ಆಮೇಕೆ ನಾನೇ ಸುರಿದ್ಬುಟ್ಟು ನಿಮ್ ಜೊತೆ ಬತ್ತೀನಿ. ಈಗ ಬ್ಯಾಡಿ, ನಿಮ್ ದಮ್ಮಯ್ಯ."

"ನನಗೇ ಕಾನೂನು ಹೇಳ್ತೀಯಾ?"

ಒಳಗಿನಿಂದ ದೊಡ್ಡತಾಯಮ್ಮ ಕೂಗಿದಳು: "ಯಾರಪ್ಪಾ ಅದು ಗಂಡ್ಸಿನ ಗಂಟ್ಲು? ಬಂದಿದ್ದಾಯ್ತು, ಒಳೀಕ್ ಬಂದು ತೊಡೆ ಇಡ್ಕೋ ಬಾ! ಇಲ್ದಿದ್ರೆ ಜಗ್ಲಿ ಮ್ಯಾಲೆ ತೆಪ್ಪಗೆ ಕುಂತ್ಕೋ!"

ದಫೇದಾರ ಜಗಲಿಗೆ ಹೋಗಿ ಕುಳಿತ. ಕರುಣೆಯಿಂದಲ್ಲ, ಮಾರಮ್ಮನ ಹೆಸರಿನ ಮಡಕೆಗೆ ಕೋಲು ಎತ್ತಲು ಅವನಿಗೂ ಒಳಗೊಳಗೇ ಅಳುಕಿತ್ತು.

ಹೊತ್ತು ಏರಿದ ಮೇಲೆ ಮಗು ಅತ್ತಿತು. ಬೆಟ್ಟಮ್ಮ ಮಗುವಿನ ಮುಖ ನೋಡಲು ಹೋಗಲಿಲ್ಲ. ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು ಬೇವಿನ ಬುಡಕ್ಕೆ ನಡೆದು, ಅಷ್ಟನ್ನೂ ಕಲ್ಲಿನ ಮೇಲೆ ಎರೆದಳು. ಯಾರ ನಾಲಿಗೆಗೂ ಒಂದು ಹನಿ ಸಿಗಲಿಲ್ಲ. ಆಮೇಲೆ ಬರಿದಾದ ಮಡಕೆಯನ್ನು ದಫೇದಾರನ ಕೈಗಿತ್ತು, ಸೆರಗು ಹೊದ್ದು, ಅವನ ಮುಂದೆ ನಡೆದಳು.

ಠಾಣೆಯಲ್ಲಿ ಕಳ್ಳಭಟ್ಟಿ ಎಂದೇ ಬರೆದುಕೊಂಡರು. ಆಕೆ ಅಲ್ಲಗಳೆಯಲಿಲ್ಲ. ಕೇಳಿದ ಪ್ರಶ್ನೆ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಾಗಿಲ ಕಡೆಗೇ ಕಣ್ಣು ನೆಟ್ಟು, ಕೂರು ಎಂದರೂ ಕೂರದೆ, ಗೋಡೆ ಹಿಡಿದು ನಿಂತಿದ್ದಳು. ಮಾದಮ್ಮನೂ ಮಗು ಅತ್ತ ಮೇಲೆಯೇ ಹೋದದ್ದು.

ಬಿಸಿಲು ಇಳಿಯುವ ಹೊತ್ತಿಗೆ ದೇವಯ್ಯ ಕೆಸರುಗಾಲಿನಲ್ಲೇ ಓಡಿಬಂದು ಹೊಸ್ತಿಲಾಚೆ ನಿಂತ.

"ರಕ್ತ?" ಎಂದಳು ಬೆಟ್ಟಮ್ಮ.

"ನಿಂತದೆ. ಗಂಜಿ ಕುಡುದ್ಲು. ಇನ್ನೊಸಿ ಕೊಡು ಅಂತಾವಳೆ."

ಬೆಟ್ಟಮ್ಮ ಗೋಡೆಗೆ ಬೆನ್ನುಜಾರಿಸಿ ನೆಲದ ಮೇಲೆ ಕುಳಿತಳು. "ಈಗ ಬರ್ಕೊಳಿ ಸಾ," ಎಂದಳು, "ಏನಾರ ಬರ್ಕೊಳಿ."